ಇಳಿಸಿದ ನೀರು

ಆ ಮನೆಯಲ್ಲಿ ಹೆತ್ತವಳು ಒಬ್ಬಳು, ಸುಸ್ತಾದವಳು ಇನ್ನೊಬ್ಬಳು. ಹೆತ್ತವಳು ಅನು, ಮನೆಯ ಮಗಳು. ಕೆಂಗೇರಿಯ ಗಂಡನ ಮನೆಯಿಂದ ಚೊಚ್ಚಲ ಬಾಣಂತನಕ್ಕೆಂದು ಶ್ರೀಗಂಧದ ಕಾವಲಿನ ತವರಿಗೆ ಬಂದಿದ್ದಳು. ಸುಸ್ತಾದವಳು ಕಲಾ, ಮನೆಯ ಸೊಸೆ. ಬೆಳಿಗ್ಗೆ ಎದ್ದು ಬೆಳ್ಳುಳ್ಳಿ ಸುಲಿಯುವುದರಿಂದ ಅವಳ ದಿನ ಶುರು. ಬಾಣಂತಿಯ ತಟ್ಟೆ, ಬಾಣಂತಿಯ ಲೋಟ, ಬಾಣಂತಿಯ ಬಟ್ಟೆ, ಬಾಣಂತಿಯ ಮಗನ ಬಟ್ಟೆ ಎಲ್ಲವನ್ನೂ ತೊಳೆದು ಮುಗಿಸುವ ಹೊತ್ತಿಗೆ ಮಧ್ಯಾಹ್ನ. ಆಮೇಲೆ ಸೀರೆಗಳಿಗೆ ಕುಚ್ಚು ಕಟ್ಟುವ ಅವಳ ಸ್ವಂತ ಕೆಲಸ. ಅದಕ್ಕೆಂದು ಕಾಲು ಚಾಚಿ ಕೂರುವುದನ್ನೇ ಕಾದಿದ್ದವರಂತೆ ಅತ್ತೆ ಕೂಗುತ್ತಿದ್ದರು.

“ಕಲಾ, ಅನೂಗೆ ಮೆಣಸಿನ ಸಾರು ಬಿಸಿ ಮಾಡೇ. ತುಪ್ಪ ಹಾಕೋವಾಗ ಜುಗ್ಗತನ ಮಾಡ್ಬೇಡ.”

ಕೆಲಸವೇನೋ ಕಲಾಳಿಗೆ ಹೊಸದಲ್ಲ. ತುಪ್ಪಕ್ಕೂ ಅವಳು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಅವಳ ಹೊಟ್ಟೆ ಉರಿಸುತ್ತಿದ್ದುದು ನೀರು.

ಅತ್ತೆ ಚಿಕ್ಕಲಕ್ಷ್ಮಮ್ಮ ದಿನವೂ ಹಿತ್ತಲಿನ ಸೌದೆ ಒಲೆ ಹಚ್ಚಿ, ಕಲಾಯಿ ಹಾಕಿಸಿದ ತಾಮ್ರದ ತಪ್ಪಲೆಯ ತುಂಬ ಮನೆಯ ಬೋರ್‌ವೆಲ್ ನೀರು ಇಟ್ಟು, ಅದರೊಳಗೆ ಜೀರಿಗೆಯ ಗಂಟು ಬಿಟ್ಟು ಕುದಿಸುತ್ತಿದ್ದರು. ತುಂಬಿದ ತಪ್ಪಲೆ ಅರ್ಧಕ್ಕೆ ಇಳಿಯಬೇಕು. ಹಾಗೆ ಇಳಿಸಿದ ನೀರನ್ನೇ ಬಾಣಂತಿ ಕುಡಿಯಬೇಕು, ಆಗ ಹಾಲಿನ ಮೂಲಕ ಮಗುವಿಗೆ ಶೀತ ಹೋಗುವುದಿಲ್ಲ. ಚಿಕ್ಕಲಕ್ಷ್ಮಮ್ಮನಿಗೆ ಅವರ ಅಮ್ಮ ಹಾಗೇ ಮಾಡಿದ್ದರು. ಅನುವಿಗೆ ಇವರು ಮಾಡುತ್ತಿದ್ದಾರೆ. ಮಧ್ಯದಲ್ಲಿ ಒಬ್ಬಳು ಬಿಟ್ಟುಹೋಗಿದ್ದಳು.

ಎಂಟು ವರ್ಷದ ಹಿಂದೆ ಕಲಾ ಮಗಳು ಚಾರ್ವಿಯನ್ನು ಹೆತ್ತಾಗ ಅವಳಿಗೆ ಬಾಣಂತನ ಮಾಡಲು ತಾಯಿ ಇರಲಿಲ್ಲ. ಇದೇ ಮನೆಯಲ್ಲಿ, ಇದೇ ಕೋಣೆಯಲ್ಲಿ ಮಲಗಿದ್ದಳು. “ಈ ಕಾಲದಲ್ಲಿ ಸೌದೆ ಎಲ್ಲಿ ಸಿಗುತ್ತೆ? ಹೊಗೆ ಬೇರೆ ನಂಗಾಗಲ್ಲ” ಎಂದ ಅತ್ತೆ, ಅಡುಗೆಮನೆಯ ನಲ್ಲಿಯ ಕಾವೇರಿ ನೀರನ್ನೇ ಗ್ಯಾಸಿನ ಮೇಲೆ ಒಂದು ಕುದಿ ಬರಿಸಿ ಫ್ಲಾಸ್ಕಿಗೆ ಸುರಿದು ಕೊಟ್ಟಿದ್ದರು. ಈಗ ಸೌದೆ ಸಿಗುತ್ತದೆ. ಕಲಾಳ ಗಂಡ ಮಹೇಶ್ ತನ್ನ ಜೆರಾಕ್ಸ್ ಅಂಗಡಿ ಮುಚ್ಚಿಕೊಂಡು ನಾಯಂಡಹಳ್ಳಿಯ ಗೋಡೌನುಗಳಿಗೆ ಹೋಗಿ, ಒಡೆದ ಪೆಟ್ಟಿಗೆಗಳ ಹಲಗೆಯನ್ನು ಸ್ಕೂಟರಿನ ಮುಂದೆ ಪೇರಿಸಿಕೊಂಡು ಬರುತ್ತಾನೆ. ಹೊಗೆಯೂ ಅತ್ತೆಗೆ ಆಗುತ್ತದೆ. ಮಗಳೆಂದರೆ ಹೊಗೆಗೂ ಮರ್ಯಾದೆ ಗೊತ್ತು.

ಆ ಬೋರ್‌ವೆಲ್ ಎಂದರೆ ಮಾವ ಅಂಜಿನಯ್ಯನವರಿಗೆ ಇನ್ನೊಬ್ಬ ಮಗನಿದ್ದಂತೆ. ಬಿನ್ನಿಪೇಟೆಯ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು, ಮಿಲ್ಲು ಮುಚ್ಚಿದಾಗ ಕೈಗೆ ಬಂದ ದುಡ್ಡಿನಲ್ಲಿ ಈ ಮನೆ ಕಟ್ಟಿಸಿ ಬೋರು ಕೊರೆಸಿದ್ದರು. ನೀರು ಕೆಳಗಿಳಿದಾಗ ಮತ್ತೂ ಆಳಕ್ಕೆ ಕೊರೆಸಿದ್ದರು. ಬೀದಿಗೆ ಕಾವೇರಿ ನೀರು ಬಂದಮೇಲೂ ಗಂಡಹೆಂಡತಿ ಇಬ್ಬರೂ ಕುಡಿಯಲು ಮಡಕೆಗೆ ತುಂಬಿಕೊಳ್ಳುತ್ತಿದ್ದುದು ಬೋರಿನ ನೀರನ್ನೇ. ಅಡುಗೆಗೆ ಮತ್ತು ತಾನು, ಗಂಡ, ಮಗಳು ಕುಡಿಯಲು ಕಲಾ ನಲ್ಲಿ ನೀರು ಬಳಸುತ್ತಿದ್ದಳು. ಬೇಳೆ ಬೇಗ ಬೇಯುತ್ತದೆ ಎಂಬುದು ಅವಳ ಕಾರಣ.

“ಪೈಪಿನ ನೀರಿಗೆ ಬ್ಲೀಚಿಂಗ್ ವಾಸನೆ ಕಣಮ್ಮ. ಇದು ಕಲ್ಲಿನ ಹೊಟ್ಟೆಯಿಂದ ಬಂದ ನೀರು, ರುಚಿ ನೋಡು” ಎನ್ನುತ್ತಿದ್ದರು ಅಂಜಿನಯ್ಯ.

ಎರಡು ತಿಂಗಳ ಹಿಂದೆ ಪಕ್ಕದ ಬೀದಿಯ ಬಸವರಾಜೇಶ್ವರಿ ಬಂದಿದ್ದರು. ಕಾಲೇಜಿನಲ್ಲಿ ಪಾಠ ಮಾಡುವ ಹೆಂಗಸು, ಬಿಜಾಪುರದ ಕಡೆಯವರು. ಸುತ್ತಮುತ್ತಲ ಆಳದ ಬೋರುಗಳ ನೀರನ್ನು ಪರೀಕ್ಷೆ ಮಾಡಿಸುತ್ತಿದ್ದೇವೆ ಎಂದಾಗ ಅಂಜಿನಯ್ಯ ಎದೆಯುಬ್ಬಿಸಿ ಎರಡು ಬಾಟಲಿ ತುಂಬಿಕೊಟ್ಟು, “ಬೇಕಾದ್ರೆ ಕ್ಯಾನ್ ತನ್ನಿ ಮೇಡಂ, ಇಂಥ ನೀರು ಈ ಏರಿಯಾದಲ್ಲೇ ಇಲ್ಲ” ಎಂದಿದ್ದರು. ಫೋನ್ ನಂಬರು ಮಾತ್ರ ಕಲಾಳದು ಕೊಟ್ಟಿದ್ದರು, ಏಕೆಂದರೆ ಅವರ ಫೋನ್ ಹೊಡೆದುಕೊಂಡರೂ ಅವರಿಗೆ ಕೇಳುತ್ತಿರಲಿಲ್ಲ.

ಅನು ಹೆತ್ತು ತಿಂಗಳಾಗುತ್ತಾ ಬಂದಿತ್ತು. ಒಂದು ಸಂಜೆ ಚಾರ್ವಿ ಶಾಲೆಯಿಂದ ಓಡಿಬಂದವಳು, ಬಾಣಂತಿ ಕೋಣೆಯ ಹೊರಗಿಟ್ಟಿದ್ದ ತಪ್ಪಲೆಯಿಂದ ಒಂದು ಲೋಟ ಎತ್ತಿ ಗಟಗಟ ಕುಡಿದಳು.

“ಅಯ್ಯೋ! ಅದು ಬಾಣಂತೀದು ಕಣೇ! ಎಷ್ಟು ಕಷ್ಟಪಟ್ಟು ಇಳಿಸಿದ್ದೀನಿ, ಇಡು ಅಲ್ಲಿ!” ಚಿಕ್ಕಲಕ್ಷ್ಮಮ್ಮ ಲೋಟ ಕಿತ್ತುಕೊಂಡರು.

ಹುಡುಗಿ ಪೆಚ್ಚಾದಳು. ಕಲಾ ಕುಚ್ಚಿನ ದಾರವನ್ನು ಹಾಗೇ ಬಿಟ್ಟು ಎದ್ದು ಬಂದಳು.

“ಮಗು ನೀರು ಕುಡಿದಿದ್ದು ಅತ್ತೆ, ಒಡವೆ ಕದ್ದಿದ್ದಲ್ಲ.”

“ಅಡುಗೆಮನೇಲಿ ನೀರಿಲ್ವಾ? ಇದನ್ನೇ ಮುಟ್ಟಬೇಕಿತ್ತಾ?”

“ಅದೇ ನಾನೂ ಕೇಳ್ತಿರೋದು. ಅಡುಗೆಮನೆ ನೀರು ನಮಗೆ, ಇದು ಅನೂಗೆ. ನಾನು ಮಲಗಿದ್ದಾಗ ಯಾರು ಒಲೆ ಮುಂದೆ ಕೂತಿದ್ರು?”

“ಎಂಟು ವರ್ಷದ ಹಿಂದಿನ ಮಾತು ಇವತ್ತು ಯಾಕೆ ತೆಗೀತೀಯ? ಆವಾಗ ನಂಗೆ ಮಂಡಿ ನೋವಿತ್ತು.”

“ಈಗ ವಾಸಿಯಾಯ್ತಾ?”

ಒಳಗಿನಿಂದ ಅನು, “ಅಮ್ಮ, ಒಂದು ಲೋಟ ನೀರಿಗೆ ಯಾಕೆ ಜಗಳ?” ಎಂದಳು. ಜಗಳ ನೀರಿಗಲ್ಲ ಎಂದು ಅವಳಿಗೂ ಗೊತ್ತಿತ್ತು. ಆ ರಾತ್ರಿ ಕಲಾ ಅನುವಿನ ಸಾರಿಗೆ ತುಪ್ಪ ಹಾಕಲು ಮರೆತಳು. ಮರೆತಳು ಎಂದು ಅವಳೇ ಹೇಳಿದ್ದು.

ಅದಾದ ಕೆಲವು ದಿನಕ್ಕೆ ಬಸವರಾಜೇಶ್ವರಿಯ ಫೋನ್ ಬಂತು. ಕಲಾ ಮಹಡಿಯಲ್ಲಿ ಮಗುವಿನ ಬಟ್ಟೆ ಒಣಹಾಕುತ್ತಿದ್ದಳು.

“ಕಲಾ ಅವರ, ನಿಮ್ಮ ಬೋರಿನ ನೀರಿನ್ಯಾಗ ಯುರೇನಿಯಂ ಅದ ರೀ. ಕುಡಿಯೋ ನೀರಿಗೆ ಹೇಳಿದ ಮಿತಿಗಿಂತ ನಾಕು ಪಟ್ಟು ಜಾಸ್ತಿ.”

“ಯುರೇನಿಯಂ ಅಂದ್ರೆ ಬಾಂಬಿಗೆ ಹಾಕೋದಲ್ವಾ ಮೇಡಂ? ನಮ್ಮ ಬೋರಿಗೆ ಅದನ್ನ ಯಾರು ಹಾಕಿದ್ರು?”

“ಯಾರೂ ಹಾಕಿಲ್ರಿ. ನೆಲದ ಕೆಳಗಿನ ಗ್ರಾನೈಟ್ ಕಲ್ಲಿನ್ಯಾಗ ಮೊದಲಿಂದನೂ ಇರ್ತದ, ಆಳದ ನೀರಿಗೆ ಕರಗಿ ಬರ್ತದ. ವಿಕಿರಣ ಅಂತ ಭಾಳ ಹೆದರಬ್ಯಾಡ್ರಿ. ಅದಕ್ಕಿಂತ ಮೊದಲು ಕಿಡ್ನಿಗೆ ಪೆಟ್ಟು ಕೊಡ್ತದ, ಅದೂ ವರ್ಷಗಟ್ಟಲೆ ಕುಡಿದ್ರ. ಮೈಗೆ ಹಾಕ್ಕೊಳ್ರಿ, ಬಟ್ಟಿ ಒಗೀರಿ, ಏನೂ ಆಗೂದಿಲ್ಲ. ಕುಡಿಯೂದು, ಅಡಗಿ ಮಾಡೂದು ಬ್ಯಾಡ.”

ಕಲಾ ಕೈಯಲ್ಲಿದ್ದ ಬಟ್ಟೆಯನ್ನು ಹಗ್ಗಕ್ಕೆ ಹಾಕಿ ಕೇಳಿದಳು. “ಕುದಿಸಿದ್ರೆ ಹೋಗುತ್ತಾ ಮೇಡಂ?”

“ಎಲ್ಲಿಂದ ಹೋಗ್ತದ್ರಿ? ಪಾಯಸ ಕುದಿಸಿದ್ರ ಸಕ್ಕರಿ ಹೋಗ್ತದೇನು? ನೀರು ಆವಿ ಆಗ್ತದ, ಸಕ್ಕರಿ ಉಳೀತದ. ಅರ್ಧಕ್ಕೆ ಇಳಿಸಿದ್ರ ಅದು ಎರಡು ಪಟ್ಟು ಗಟ್ಟಿ ಆಗ್ತದ.”

ಆಗ ಕಲಾಳಿಗೆ ಮೊದಲು ಆದದ್ದು ಭಯವಲ್ಲ, ಖುಷಿ. ಮುಚ್ಚಿಡುವುದೇಕೆ, ಮೆಟ್ಟಿಲು ಇಳಿಯುವಾಗ ಅವಳ ಮುಖದಲ್ಲಿ ನಗುವೇ ಇತ್ತು. ಎರಡು ಪಟ್ಟು! ಕಣ್ಣು ಉರಿಸಿಕೊಂಡು, ಹೊಗೆ ಕುಡಿದು, ಯಾರಿಗೂ ಮುಟ್ಟಗೊಡದೆ ಅತ್ತೆ ಮಗಳಿಗೆ ಕೊಡುತ್ತಿದ್ದುದು ಅದನ್ನು. ಅಡುಗೆಮನೆಗೆ ಬಂದು ಮುದ್ದೆಗೆ ಎಸರಿಡುವಾಗ ಮಾತ್ರ ಅನುವಿನ ಮಗುವಿನ ಮುಖ ನೆನಪಾಗಿ ನಗು ನಿಂತಿತು.

ಹೇಳಬೇಕಾದ್ದನ್ನು ಹೇಳಬೇಕಾದ ಹಾಗೆ ಹೇಳಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೋ ಏನೋ. ಆದರೆ ಕಲಾ ಅದನ್ನು ಊಟದ ಹೊತ್ತಿಗೆಂದು ಉಳಿಸಿಕೊಂಡಳು. ಎಲ್ಲರ ತಟ್ಟೆಗೂ ಮುದ್ದೆ, ಬಸ್ಸಾರು ಬಿದ್ದಮೇಲೆ ಸೌಟು ಹಿಡಿದುಕೊಂಡೇ ಶುರುಮಾಡಿದಳು.

“ನೀರಿನ ಮೇಡಂ ಫೋನ್ ಮಾಡಿದ್ರು. ನಮ್ಮ ಬೋರಲ್ಲಿ ಯುರೇನಿಯಂ ಇದೆಯಂತೆ. ಕುಡಿದ್ರೆ ಕಿಡ್ನಿ ಹೋಗುತ್ತಂತೆ. ಕುದಿಸಿ ಇಳಿಸಿದ್ರೆ ಡಬಲ್ ಅಂತೆ. ಅತ್ತೆ ಅಷ್ಟು ಪ್ರೀತಿಯಿಂದ ಅನೂಗೆ ಕುಡಿಸ್ತಿರೋದು ಡಬಲ್ ವಿಷ.”

ಅಂಜಿನಯ್ಯ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. “ನಮ್ಮ ಬೋರಲ್ಲಾ? ಅವರು ಬಾಟಲಿ ಅದಲುಬದಲು ಮಾಡ್ಕೊಂಡಿರ್ತಾರೆ. ನಾನು ಇಷ್ಟು ವರ್ಷದಿಂದ ಕುಡೀತಾ ಇದೀನಿ, ನೆಟ್ಟಗೆ ಕೂತಿಲ್ವಾ?”

“ಮಾವ, ಎಲ್ಲರಿಗೂ ತಕ್ಷಣ ಏನೂ...”

“ಅಮೃತ ಅಂಥ ನೀರು ಅದು!” ಚಿಕ್ಕಲಕ್ಷ್ಮಮ್ಮ ತಟ್ಟೆ ಸರಿಸಿದರು. “ವಿಷ ಅಂತೆ! ಅವತ್ತು ಮಗೂಗೆ ಒಂದು ಲೋಟ ಕೊಡಲಿಲ್ಲ ಅಂತ ಇವತ್ತು ನೀರಿಗೇ ಮಣ್ಣು ಹಾಕ್ತಿದ್ದೀಯ. ಹೊಟ್ಟೆಕಿಚ್ಚು ಕಣೇ ನಿಂದು.”

“ರೀ, ನೀವಾದ್ರೂ ಹೇಳಿ.”

ಮಹೇಶ್ ಸಾರಿನೊಳಗೆ ಕಾಳು ಹುಡುಕುತ್ತಿದ್ದ. “ದಿನಾ ಒಂದೊಂದು ಹೇಳ್ತಾರೆ ಬಿಡೇ. ಊಟದ ಹೊತ್ತಲ್ಲಿ ಬೇಕಿತ್ತಾ ಇದು?”

ಕೋಣೆಯ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದ ಅನು ಅಳುವುದಕ್ಕೆ ಶುರುಮಾಡಿದಳು. ಬಾಣಂತಿಯನ್ನು ಅಳಿಸಿದ ಪಾಪವೂ ಕಲಾಳ ತಲೆಗೇ ಬಂತು.

ಆದರೆ ಚಿಕ್ಕಲಕ್ಷ್ಮಮ್ಮನ ಮನಸ್ಸಿನ ಮೂಲೆಯಲ್ಲಿ ಒಂದು ಅನುಮಾನ ಕೂತಿತು. ನೀರಿನಲ್ಲಿ ಏನೋ ಇದ್ದರೂ ಇರಬಹುದು. ಹಾಗಿದ್ದರೆ ಬೆಂಕಿಗೆ ಸಾಯದ್ದು ಯಾವುದಿದೆ? ಮಾರನೆಯ ದಿನದಿಂದ ಒಲೆ ಬೇಗ ಹೊತ್ತಿತು. ಮಹೇಶ್ ಇನ್ನೂ ಒಂದು ಹೊರೆ ಹಲಗೆ ತಂದ. ತಪ್ಪಲೆಯ ನೀರು ಅರ್ಧಕ್ಕೆ ನಿಲ್ಲದೆ ಕಾಲು ಭಾಗಕ್ಕೆ ಇಳಿಯತೊಡಗಿತು.

“ಅರ್ಧ ಸಾಲದು ಅಂದ್ರೆ ಕಾಲಿಗೆ ಇಳಿಸ್ತೀನಿ. ಯಾವ ವಿಷ ಉಳಿಯುತ್ತೋ ನೋಡೇಬಿಡೋಣ” ಎಂದು ಸೊಸೆಗೆ ಕೇಳುವ ಹಾಗೆ ಹೇಳಿಕೊಂಡರು.

ಕಲಾ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಎರಡು ಪಟ್ಟು ಈಗ ನಾಲ್ಕು ಪಟ್ಟಾಗಿತ್ತು. ತನ್ನ ಮಾತಿನಿಂದಲೇ ಆಗಿತ್ತು. ಮೊದಲ ಸಲ ಅವಳಿಗೆ ನಿಜವಾಗಿ ಭಯವಾಯಿತು. “ಅತ್ತೆ, ಬೇಡ. ಬೇಕಾದ್ರೆ ನೀವೇ ಮೇಡಂನ ಕೇಳಿ” ಎಂದಳು. “ನಿನ್ನ ಮೇಡಂ ಎಷ್ಟು ಬಾಣಂತನ ಮಾಡಿದ್ದಾಳಂತೆ?” ಎಂಬ ಉತ್ತರ ಬಂತು. ಮಾವನಿಗೆ ಹೇಳಿದಳು, ಅವರು ಮಡಕೆಯಿಂದ ಒಂದು ಲೋಟ ಬಗ್ಗಿಸಿ ಅವಳ ಎದುರೇ ಕುಡಿದರು. ಗಂಡನಿಗೆ ಹೇಳಿದಳು, “ನಿಮ್ಮಿಬ್ಬರ ಮಧ್ಯೆ ನನ್ನ ಎಳೀಬೇಡ” ಎಂದ. ನಿಜ ಹೇಳಿದರೂ ನಂಬದಷ್ಟು ಹೆಸರು ಕೆಡಿಸಿಕೊಂಡಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಒಂದು ಬೆಳಿಗ್ಗೆ ಮಗುವಿಗೆ ಎರೆದು ಸಾಂಬ್ರಾಣಿ ಹೊಗೆ ಹಾಕಿ ಮಲಗಿಸುವಾಗ ಬಿಕ್ಕಳಿಕೆ ಬಂತು. ಚಿಕ್ಕಲಕ್ಷ್ಮಮ್ಮ ಮಗುವಿಗೆ ಕುಡಿಸುವ ಬೆಳ್ಳಿಯ ಒಳಲೆ ಕೈಗೆತ್ತಿಕೊಂಡು, “ಕಲಾ, ತಪ್ಪಲೇಲಿರೋ ನೀರು ತಾ, ಇದಕ್ಕೆ ನಾಲ್ಕು ತೊಟ್ಟು ಹಾಕೋಣ” ಎಂದರು.

ಕಲಾ ಹಿತ್ತಲಿಗೆ ಹೋದಳು. ಬಟ್ಟೆಯಿಂದ ತಪ್ಪಲೆ ಹಿಡಿದು ಎತ್ತಿದಳು. ಒಳಗೆ ತರುವ ಬದಲು ಕರಿಬೇವಿನ ಗಿಡದ ಬುಡಕ್ಕೆ ಅಷ್ಟನ್ನೂ ಸುರಿದಳು. ಬಾಗಿಲಿಗೆ ಬಂದ ಅತ್ತೆ ಅದನ್ನು ಕಣ್ಣಾರೆ ಕಂಡರು.

“ಚೆಲ್ಲಿಬಿಟ್ಟಳು! ಕಂದನ ಬಾಯಿಗೆ ಹೋಗೋ ನೀರು ಚೆಲ್ಲಿಬಿಟ್ಟಳಲ್ಲೋ ಮಹೇಶಾ! ಇವಳ ಹೊಟ್ಟೆಕಿಚ್ಚಿಗೆ ಕೊನೆ ಇಲ್ವಾ?”

ಹಲ್ಲುಜ್ಜುತ್ತಿದ್ದ ಮಹೇಶ್ ನೊರೆ ತುಂಬಿದ ಬಾಯಲ್ಲೇ ಓಡಿಬಂದ. ಅಂಜಿನಯ್ಯ ಪೇಪರ್ ಹಿಡಿದುಕೊಂಡು ಬಂದರು. ತಲೆಗೆ ಬಟ್ಟೆ ಕಟ್ಟಿಕೊಂಡ ಅನು ಗೋಡೆ ಹಿಡಿದುಕೊಂಡು ಬಂದಳು.

“ಅತ್ತಿಗೆ, ನನ್ನ ಮೇಲೆ ನಿಮಗೆ ಯಾಕೆ ಇಷ್ಟು? ನಾನೇನು ಮಾಡಿದ್ದೀನಿ ನಿಮಗೆ?”

“ನೀನೇನೂ ಮಾಡಿಲ್ಲ.” ಕಲಾಳ ಕೈಯಲ್ಲಿ ಖಾಲಿ ತಪ್ಪಲೆ ಇನ್ನೂ ಬಿಸಿಯಾಗಿತ್ತು. “ಹೊಟ್ಟೆಕಿಚ್ಚಾ? ಹೌದು, ಹೊಟ್ಟೆಕಿಚ್ಚೇ. ನಿಮ್ಮಮ್ಮ ನಿನ್ನ ತಲೆ ಒರೆಸೋದು ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ. ನಿಮ್ಮಣ್ಣ ನಂಗೋಸ್ಕರ ಒಂದಿನ ಅಂಗಡಿ ಮುಚ್ಚಲಿಲ್ಲ, ನಿಂಗೆ ಸೌದೆ ಹೊರ್ತಾರೆ, ಅದಕ್ಕೂ ಉರಿಯುತ್ತೆ. ಅವತ್ತು ಬೇಕು ಅಂತಲೇ ನಿನ್ನ ಸಾರಿಗೆ ತುಪ್ಪ ಹಾಕಲಿಲ್ಲ. ಮೇಡಂ ಹೇಳಿದಾಗ ಮೊದಲು ನಂಗೆ ಖುಷಿಯಾಯ್ತು. ಇನ್ನೇನು ಹೇಳ್ಬೇಕು? ಆದ್ರೆ ಹೊಟ್ಟೆಕಿಚ್ಚು ನಂದು ಅನು, ನೀರಿನ ಮಾತು ಸುಳ್ಳಲ್ಲ. ನನ್ನ ಬೈಕೋ, ಆ ನೀರು ಕುಡೀಬೇಡ. ಆ ಮಗೂಗೆ ಒಂದು ತೊಟ್ಟೂ ಹಾಕಿಸ್ಬೇಡ.”

ಹೊಟ್ಟೆಕಿಚ್ಚಿಲ್ಲ ಎಂದಿದ್ದರೆ ಅನು ನಂಬುತ್ತಿರಲಿಲ್ಲ. ಇದೆ ಎಂದು ಅತ್ತಿಗೆಯೇ ಹೇಳಿಕೊಂಡಮೇಲೆ, ಉಳಿದ ಮಾತನ್ನು ನಂಬದೆ ಇರುವುದು ಅವಳಿಂದಾಗಲಿಲ್ಲ.

“ಆ ಮೇಡಂ ನಂಬರ್ ಕೊಡಿ ಅತ್ತಿಗೆ. ನಾನೇ ಮಾತಾಡ್ತೀನಿ.”

“ಇವಳ ಮಾತು ಕೇಳ್ತೀಯೇನೇ?” ಎಂದು ಚಿಕ್ಕಲಕ್ಷ್ಮಮ್ಮ ಮಗಳ ತೋಳು ಹಿಡಿದರು. “ಒಲೆ ಮುಂದೆ ಬೆಂದವಳು ನಾನು!” ಈಗ ಉರಿಯುವ ಸರದಿ ಅವರದು.

ಸಂಜೆ ಬಸವರಾಜೇಶ್ವರಿ ತಾವೇ ಬಂದರು. ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದರು. ಅಂಜಿನಯ್ಯ ಮುಖ ಗಂಟಿಕ್ಕಿಕೊಂಡು ಕೂತಿದ್ದರು.

“ಬೆಂಕಿಗೆ ಎಂಥೆಂಥ ರೋಗವೇ ಸಾಯುತ್ತೆ, ಇದು ಸಾಯಲ್ವಾ?” ಎಂದರು ಚಿಕ್ಕಲಕ್ಷ್ಮಮ್ಮ.

“ರೋಗದ ಹುಳ ಸಾಯ್ತಾವ್ರಿ ಅಮ್ಮಾರ. ಇದು ಹುಳ ಅಲ್ಲ, ಕಲ್ಲಿನ ಅಂಶ. ಆ ತಪ್ಪಲಿ ಒಂಚೂರು ತರಿಸ್ರಿ.”

ಕಲಾ ತಪ್ಪಲೆ ತಂದಿಟ್ಟಳು. ದಿನಾ ತೊಳೆದರೂ ಅದರ ತಳದಲ್ಲಿ ಬಿಳಿ ಹಕ್ಕಳೆ ಕಚ್ಚಿಕೊಂಡಿತ್ತು. ಅಂಜಿನಯ್ಯ ಬಗ್ಗಿ ಉಗುರಿನಿಂದ ಅದನ್ನು ಕೆರೆದರು. ಪುಡಿಯನ್ನು ಅಂಗೈಯಲ್ಲಿ ಹಾಕಿಕೊಂಡು ತುಂಬ ಹೊತ್ತು ನೋಡಿದರು.

“ಇದು ಸುಣ್ಣದಂಶ ರೀ, ಇದರಿಂದ ಏನೂ ಇಲ್ಲ. ಆದ್ರ ಇದು ಹೆಂಗ ಉಳೀತೋ, ಕಣ್ಣಿಗೆ ಕಾಣದ ಅದೂ ಹಂಗ ನೀರಿನ್ಯಾಗ ಉಳೀತದ” ಎಂದರು ಬಸವರಾಜೇಶ್ವರಿ.

“ಬಾಯ್ಲರ್ ಒಳಗೆ ಇಳಿದು ವರ್ಷಾವರ್ಷ ಇದನ್ನೇ ಕೆರೀತಿದ್ದೆ ಕಣೇ” ಎಂದರು ಅಂಜಿನಯ್ಯ ಹೆಂಡತಿಗೆ. “ಆವಿ ಮೇಲೆ ಹೋಗುತ್ತೆ, ಕೊಳೆ ಕೆಳಗೆ ನಿಲ್ಲುತ್ತೆ. ಮನೇಲಿ ಮಾತ್ರ ಯೋಚನೆ ಬರಲಿಲ್ಲ ನೋಡು.” ಆಮೇಲೆ ಎದ್ದು ಹೋಗಿ ಮಡಕೆಯ ನೀರನ್ನು ಬಚ್ಚಲಿಗೆ ಸುರಿದರು. ಅಂದು ಅವರು ಊಟ ಮಾಡಲಿಲ್ಲ. ಕುಡಿದ ನೀರಿಗಿಂತ ಹೋದ ಮರ್ಯಾದೆಯೇ ಅವರಿಗೆ ಹೆಚ್ಚು ಕಾಡಿತು.

ಮುಂದಿನ ವಾರ ಮಹೇಶ್ ಎಲ್ಲರನ್ನೂ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿಬಂದ. ಅನು, ಮಗು ಚೆನ್ನಾಗಿದ್ದರು. ಇಷ್ಟು ದಿನ ಕುಡಿದದ್ದಕ್ಕೆ ಹೆದರಬೇಕಾಗಿಲ್ಲ, ನಿಲ್ಲಿಸಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಅಂಜಿನಯ್ಯನವರ ಕಿಡ್ನಿಯ ಶಕ್ತಿ ಸ್ವಲ್ಪ ಕಡಿಮೆಯಾಗಿತ್ತು. ಅದು ವಯಸ್ಸಿನಿಂದಲೋ ನೀರಿನಿಂದಲೋ ಹೇಳಲಾಗದು, ಆಗಾಗ ಬಂದು ತೋರಿಸುತ್ತಿರಿ ಎಂದರು. ಬೋರಿನ ನೀರು ಬಚ್ಚಲಿಗೆ, ಬಟ್ಟೆಗೆ ಎಂದಾಯಿತು. ಮಡಕೆಗೆ ಕಾವೇರಿ ನೀರು ಬಂತು. ಅಂಜಿನಯ್ಯ ಪ್ರತಿ ಲೋಟಕ್ಕೂ ಮುಖ ಕಿವುಚಿಕೊಂಡು ಕುಡಿಯುತ್ತಿದ್ದರು.

ಅನುವಿಗೆ ಈಗ ಕಲಾಳೇ ನಲ್ಲಿ ನೀರು ಕಾಯಿಸಿ ಫ್ಲಾಸ್ಕಿನಲ್ಲಿಟ್ಟು ಕೊಡುತ್ತಿದ್ದಳು. ಹಳೆಯ ಫ್ಲಾಸ್ಕು, ಅದೇ.

“ನಂಗೂ ನಿಮ್ಮ ಮೇಲೆ ಹೊಟ್ಟೆಕಿಚ್ಚಿದೆ ಅತ್ತಿಗೆ” ಎಂದಳು ಅನು ಒಂದು ದಿನ. “ನಾನು ಇನ್ನು ಸ್ವಲ್ಪ ದಿನಕ್ಕೆ ಕೆಂಗೇರಿಗೆ ಹೋಗ್ಬೇಕು. ನೀವು ದಿನಾ ನಮ್ಮಮ್ಮನ ಜೊತೆ ಇರ್ತೀರ.”

“ಬೇಕಾದ್ರೆ ಅದಲುಬದಲು ಮಾಡ್ಕೊಳ್ಳೋಣ ಬಾ” ಎಂದಳು ಕಲಾ. ಇಬ್ಬರೂ ನಕ್ಕರು. ನಗು ಅಡುಗೆಮನೆಯವರೆಗೂ ಕೇಳಿಸಿತು. ಅಲ್ಲಿ ಸೊಪ್ಪು ಬಿಡಿಸುತ್ತಿದ್ದ ಚಿಕ್ಕಲಕ್ಷ್ಮಮ್ಮ ಕಡ್ಡಿಯ ಜೊತೆ ಎಲೆಯನ್ನೂ ಕಸಕ್ಕೆ ಹಾಕಿದರು.

ಅನು ಗಂಡನ ಮನೆಗೆ ಹೋದ ಮಾರನೆಯ ದಿನ ಮಧ್ಯಾಹ್ನ. ಕಲಾ ಹಜಾರದಲ್ಲಿ ಕೂತು ಒಂದು ನೀಲಿ ಸೀರೆಗೆ ಕುಚ್ಚು ಕಟ್ಟುತ್ತಿದ್ದಳು. ಹಿತ್ತಲಿನಲ್ಲಿ ಹುಣಸೆಹಣ್ಣು ಹಾಕಿ ತಪ್ಪಲೆ ತಿಕ್ಕುವ ಸದ್ದು ಬಹಳ ಹೊತ್ತು ಬರುತ್ತಿತ್ತು. ಅದು ನಿಂತಮೇಲೆ ಅತ್ತೆ ಒಳಗೆ ಬಂದು, ತಪ್ಪಲೆಯನ್ನು ಅಟ್ಟದ ಮೇಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಅವಳ ಎದುರಿಗೆ ಕೂತರು. ಎಂದೂ ಹಾಗೆ ಬಂದು ಕೂತವರಲ್ಲ.

“ಕಲಾ.”

“ಏನತ್ತೆ?”

“ಆವತ್ತು ನಿಂಗೆ ಆ ನೀರು ಇಳಿಸಿ ಕೊಡಲಿಲ್ಲ ನಾನು.” ಸೆರಗಿನಿಂದ ಮತ್ತೊಮ್ಮೆ ಕೈ ಒರೆಸಿಕೊಂಡರು. “ಕೊಡದೇ ಇದ್ದಿದ್ದೇ ಒಳ್ಳೇದಾಯ್ತು ನೋಡು. ನಿಂಗೂ ತಪ್ಪಿತು, ಚಾರ್ವೀಗೂ ತಪ್ಪಿತು.”

ಇದಕ್ಕಿಂತ ಹತ್ತಿರ ಅವರು ಬರಲಾರರೆಂದು ಕಲಾಳಿಗೆ ಗೊತ್ತಿತ್ತು. ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಅವಳು ದಾರಕ್ಕೆ ಗಂಟು ಹಾಕಿ, ತುದಿಯನ್ನು ಹಲ್ಲಿನಿಂದ ಕಡಿದಳು.

“ಒಳ್ಳೇದಾಯ್ತು ಅತ್ತೆ. ಆದ್ರೆ ಆವಾಗ ನಿಮಗೆ ಅದು ಅಮೃತ ಅಂತಲೇ ಅಲ್ವಾ ಗೊತ್ತಿದ್ದಿದ್ದು?”

ಚಿಕ್ಕಲಕ್ಷ್ಮಮ್ಮ ನೆಲಕ್ಕೆ ಜಾರಿದ್ದ ಸೀರೆಯ ತುದಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು. ಎದ್ದು ಹೋಗಲಿಲ್ಲ.